ಕೇಳುವ ವಿದ್ಯೆ: ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರವೂ ಆಪ್ತಸಮಾಲೋಚನೆಯೂ

ಮುಂಗಾರು ಹಿಡಿದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ದಿನಪತ್ರಿಕೆಗಳಲ್ಲಿ ‘ಕೌನ್ಸೆಲಿಂಗ್’ ಎಂಬ ಮಾತು ದಪ್ಪಕ್ಷರಗಳಲ್ಲಿ ಕಾಣಿಸಿಕೊಳ್ಳತೊಡಗುತ್ತದೆ. ಆದರೆ ಅದನ್ನು ಓದಿ ಯಾವ ನೊಂದ ಜೀವವೂ ಸಾಂತ್ವನವನ್ನು ಅರಸಿಕೊಂಡು ಮನೆಯಿಂದ ಹೊರಡುವುದಿಲ್ಲ. ಇಂಜಿನಿಯರಿಂಗ್ ಸೀಟುಗಳನ್ನು ಹಂಚುವುದಕ್ಕೂ, ವರ್ಗಾವಣೆ ಬೇಡಿದ ಶಾಲಾ ಮಾಸ್ತರರಿಗೆ ಊರು ತೋರಿಸುವುದಕ್ಕೂ ಈ ನಾಡಿನಲ್ಲಿ ರೂಢಿಗೆ ಬಂದಿರುವ ಹೆಸರು ಅದು. ನೊಂದವರ ಮಾತನ್ನು ಕೇಳಿ, ಅವರ ಸಂಗಡ ಕುಳಿತು, ಅವರ ದಾರಿಯನ್ನು ಅವರೇ ಕಂಡುಕೊಳ್ಳುವಂತೆ ನೆರವಾಗುವ ಇನ್ನೊಂದು ಕೌನ್ಸೆಲಿಂಗಿಗೆ ಕನ್ನಡದ ವಿದ್ವಾಂಸರು ‘ಆಪ್ತಸಮಾಲೋಚನೆ’ ಎಂಬ ಬೇರೆ ಹೆಸರನ್ನು ಕೊಟ್ಟರು.

ಈ ಹೆಸರಿನಲ್ಲಿ ಒಂದು ಸೋಜಿಗವುಂಟು. ನ್ಯಾಯದರ್ಶನದ ಪರಿಭಾಷೆಯಲ್ಲಿ ಆಪ್ತನೆಂದರೆ ಯಾರ ಮಾತು ಪ್ರಮಾಣವಾಗಬಲ್ಲದೋ ಅಂಥವನು. ಆಪ್ತನ ಉಪದೇಶವೇ ಶಬ್ದಪ್ರಮಾಣ. ಪಾಶ್ಚಾತ್ಯ ಪಠ್ಯಗಳಾದರೋ ಆಪ್ತಸಮಾಲೋಚಕನಿಗೆ ಮೊತ್ತಮೊದಲು ನಿಷೇಧಿಸುವುದು ಆಪ್ತತೆ, ಉಪದೇಶ ಎಂಬ ಈ ಎರಡನ್ನೇ: ಬಂದವರಿಗೆ ನೆಂಟನಾಗಬೇಡ, ಸ್ನೇಹಿತನಾಗಬೇಡ, ಉಪದೇಶವನ್ನಂತೂ ಮಾಡಲೇಬೇಡ. ಹೀಗೆ ನಾವು ಆ ವಿದ್ಯೆಯನ್ನು ಬರಮಾಡಿಕೊಳ್ಳುವಾಗಲೇ ಅದು ಒಲ್ಲೆನೆಂದ ಆಭರಣವನ್ನು ಅದಕ್ಕೆ ತೊಡಿಸಿದೆವು. ಇದು ಭಾಷಾಂತರದ ತಪ್ಪೋ, ನಮ್ಮ ಜನ ಈ ವಿದ್ಯೆಯಿಂದ ನಿಜವಾಗಿ ಬಯಸುವುದೇನೆಂಬುದನ್ನು ತಿಳಿದವರ ಜಾಣತನವೋ ಎಂಬ ಪ್ರಶ್ನೆ ಮುಂದೆ ಮತ್ತೆ ಎದುರಾಗುತ್ತದೆ. ಸದ್ಯಕ್ಕೆ ನಮ್ಮ ವಿಚಾರ ಇಷ್ಟು: ಇನ್ನೊಬ್ಬರ ಸಂಕಟವನ್ನು ಕೇಳಬಲ್ಲ ಸಾಮರ್ಥ್ಯವನ್ನು ತರಗತಿ, ಪಠ್ಯಕ್ರಮ, ಪರೀಕ್ಷೆ, ಅಂಕಪಟ್ಟಿಗಳೆಂಬ ಯಂತ್ರದ ಮೂಲಕ ಕಲಿಸಲು ಬಂದೀತೇ? ಬರುವುದಾದರೆ ಅದರಲ್ಲಿ ಕಲಿಸತಕ್ಕದ್ದು ಯಾವುದು?

ಕಲ್ಕತ್ತೆಯಿಂದ ಮೈಸೂರಿಗೆ

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದುದು ಆಧುನಿಕ ಮನಃಶಾಸ್ತ್ರದ ಜನ್ಮವೆಂದು ಎಲ್ಲ ಪಠ್ಯಪುಸ್ತಕಗಳ ಮೊದಲ ಅಧ್ಯಾಯವೂ ಹೇಳುತ್ತದೆ. ಅಲ್ಲಿಂದ ಕಾಲು ಶತಮಾನ ಕಳೆದ ಮೇಲೆ, 1905ರಲ್ಲಿ, ಬ್ರಜೇಂದ್ರನಾಥ ಶೀಲರು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕಾಗಿ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮವೊಂದನ್ನು ಸಿದ್ಧಪಡಿಸಿದರು. ಮತ್ತೆ ಹತ್ತು ವರ್ಷಗಳಾಚೆ, ಹಾರ್ವರ್ಡಿನಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತರ ಕೈಯಲ್ಲಿ ಅಲ್ಲಿಯ ವಿಭಾಗವು ನೆಲೆಗೊಂಡಿತು. ಅದೇ ಶೀಲರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದ್ದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಮೈಸೂರಿನ ಮನಃಶಾಸ್ತ್ರ ವಿಭಾಗವು ಆರಂಭವಾಯಿತು. ಭರತಖಂಡದಲ್ಲಿ ಈ ಶಾಸ್ತ್ರಕ್ಕೆ ದೊರೆತ ಮೊದಮೊದಲ ಆಶ್ರಯಗಳಲ್ಲಿ ಮೈಸೂರೂ ಒಂದೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಗೋಪಾಲಸ್ವಾಮಿಯವರು ಪರದೇಶದ ಬುದ್ಧಿಮಾಪನ ಪರೀಕ್ಷೆಗಳನ್ನು ಇಲ್ಲಿಯ ಮಕ್ಕಳಿಗೆ ಒಪ್ಪುವಂತೆ ತಿದ್ದಿದವರು. ಆದರೆ ಲೋಕ ಅವರನ್ನು ಬಲ್ಲುದು ಇನ್ನೊಂದು ಕಾರಣಕ್ಕಾಗಿ: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಅವರು ಸ್ಥಾಪಿಸಿದ ಪುಟ್ಟ ಬಾನುಲಿ ಕೇಂದ್ರವೇ ‘ಆಕಾಶವಾಣಿ’. ನಾ. ಕಸ್ತೂರಿಯವರು ಸೂಚಿಸಿದರೆನ್ನಲಾದ ಆ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಕೇಳುವ ವಿದ್ಯೆಯನ್ನು ಕುರಿತ ಲೇಖನದಲ್ಲಿ ಈ ಪ್ರಸಂಗ ತೀರ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಪ್ರಯೋಗಶಾಲೆಯ ಈ ಪರಂಪರೆ ಇಂದಿಗೂ ನಮ್ಮ ಪದವಿ ತರಗತಿಗಳ ಬೆನ್ನೆಲುಬು. ಪತ್ರಿಕೋದ್ಯಮ, ಮನಃಶಾಸ್ತ್ರ, ಇಂಗ್ಲಿಷ್ ಎಂಬ ತ್ರಿವಳಿಯನ್ನು ಆಯ್ದುಕೊಂಡು ಬಂದ ಹದಿನೆಂಟರ ಹುಡುಗಿ, ಮನಸ್ಸಿನ ಗುಟ್ಟುಗಳೆಲ್ಲ ಇನ್ನೇನು ಬಯಲಾಗುತ್ತವೆಂದು ಕಾದಿರುವಾಗ, ಅವಳ ಮುಂದೆ ಇರಿಸುವುದು ಒಂದು ಕನ್ನಡಿ ಮತ್ತು ಒಂದು ನಕ್ಷತ್ರದ ಚಿತ್ರ: ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲು ಓಡಿಸಬೇಕು, ತಪ್ಪುಗಳನ್ನು ಎಣಿಸಬೇಕು, ಎಡಗೈಯಿಂದ ಮತ್ತೆ ಬರೆಯಬೇಕು. ಆಮೇಲೆ ಸಮ ಉದ್ದದ ಗೆರೆಗಳೆರಡು ಬಾಣದ ತುದಿಗಳಿಂದಾಗಿ ಅಸಮವಾಗಿ ತೋರುವ ಮ್ಯೂಲರ್-ಲೈಯರ್ ಭ್ರಮೆ, ಅರ್ಥವಿಲ್ಲದ ಅಕ್ಷರಗುಚ್ಛಗಳ ಕಂಠಪಾಠ, ಕಡೆಗೆ ರೆಕಾರ್ಡ್ ಪುಸ್ತಕಕ್ಕೆ ಅಧ್ಯಾಪಕರ ಸಹಿ. ಇದರಿಂದ ನೊಂದವರ ಮಾತು ಕೇಳಲು ಬಂದೀತೇ ಎಂದು ನಗುವವರುಂಟು. ನಾನು ಹಾಗೆ ನಗಲಾರೆ. ತನ್ನ ಕಣ್ಣೇ ತನಗೆ ಸುಳ್ಳು ಹೇಳಬಹುದೆಂದು ಒಂದು ಮಧ್ಯಾಹ್ನ ಅಂಗೈ ಅಗಲದ ಹಲಗೆಯ ಮೇಲೆ ಕಂಡುಕೊಂಡ ವಿದ್ಯಾರ್ಥಿ, ಮುಂದೆ ಎದುರಿಗೆ ಕುಳಿತವರನ್ನು ನೋಡಿದೊಡನೆ ‘ಇವರು ಇಂಥವರು’ ಎಂದು ತೀರ್ಪು ಕೊಡಲು ತುಸು ಅಳುಕಿದರೆ, ಆ ಅಳುಕೇ ಈ ವಿದ್ಯೆಯ ಮೊದಲ ಅಕ್ಷರ. ಎರಡನೆಯ ಅಕ್ಷರವನ್ನು ಮಾತ್ರ ಪ್ರಯೋಗಶಾಲೆ ಕಲಿಸಲಿಲ್ಲ.

ಆಪ್ತಸಮಾಲೋಚನೆ ಬಂದ ದಾರಿಯೇ ಬೇರೆ. ಅಮೆರಿಕೆಯ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಉದ್ಯೋಗ ಮಾರ್ಗದರ್ಶನದ ಕಾರ್ಯಾಲಯವೊಂದನ್ನು ತೆರೆದು, ಯಾವ ಕೆಲಸಕ್ಕೆ ಸೇರಬೇಕೆಂದು ತಿಳಿಯದೆ ತೊಳಲುತ್ತಿದ್ದ ತರುಣರಿಗೆ ಅವರ ಸಾಮರ್ಥ್ಯವನ್ನೂ ಕಸುಬುಗಳ ಸ್ವರೂಪವನ್ನೂ ಹೊಂದಿಸಿ ತೋರಿಸಲಾರಂಭಿಸಿದನು. ಮನಸ್ಸಿನ ಬೇನೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅಂದಮೇಲೆ ಸೀಟು ಹಂಚುವ ನಮ್ಮ ಕೌನ್ಸೆಲಿಂಗು, ಪಂಡಿತರು ಎಷ್ಟೇ ಮೂಗು ಮುರಿದರೂ, ಆ ಶಬ್ದದ ಮೂಲಾರ್ಥಕ್ಕೆ ತೀರ ದೂರದ ನೆಂಟನೇನೂ ಅಲ್ಲ!

ಆಸ್ಪತ್ರೆಯ ಅಂಗಳದಲ್ಲಿ

ಎರಡನೆಯ ಮಹಾಯುದ್ಧದಿಂದ ಮನಸ್ಸು ಮುರಿದು ಮರಳಿದ ಸಿಪಾಯಿಗಳು ಅಸಂಖ್ಯಾತರಾಗಿ, ಅವರನ್ನು ನೋಡಿಕೊಳ್ಳಲು ವೈದ್ಯರು ಸಾಲದೆ ಹೋದಾಗ, ಮನಃಶಾಸ್ತ್ರದ ವಿದ್ಯಾರ್ಥಿಯನ್ನು ಚಿಕಿತ್ಸಕನಾಗಿ ತಯಾರಿಸುವ ಬಗೆಯೆಂತೆಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1949ರಲ್ಲಿ ಅಮೆರಿಕೆಯ ಕೊಲರಾಡೊ ಪ್ರಾಂತದ ಬೋಲ್ಡರಿನಲ್ಲಿ ಒಂದು ಸಮ್ಮೇಳನ ನೆರೆಯಿತು. ಅವನು ಮೊದಲು ವಿಜ್ಞಾನಿಯಾಗಬೇಕು, ಜೊತೆಗೆ ಚಿಕಿತ್ಸಕನಾಗಬೇಕು, ಎರಡೂ ಒಂದೇ ದೇಹದಲ್ಲಿ ನೆಲೆಸಬೇಕು ಎಂಬುದು ಅಲ್ಲಿಯ ನಿರ್ಣಯ. 1973ರಲ್ಲಿ ಅದೇ ಪ್ರಾಂತದ ವೇಲ್ ಎಂಬಲ್ಲಿ ಸೇರಿದವರು ಇದಕ್ಕೆ ತಿದ್ದುಪಡಿ ತಂದರು: ಎಲ್ಲರೂ ಸಂಶೋಧಕರಾಗಬೇಕಾಗಿಲ್ಲ, ಸಂಶೋಧನೆಯನ್ನು ಓದಿ ಅರಿತು ಬಳಸಬಲ್ಲ ವೃತ್ತಿಪರರನ್ನು ತಯಾರಿಸುವುದೂ ವಿಶ್ವವಿದ್ಯಾನಿಲಯದ ಧರ್ಮವೇ. ಇಂದಿಗೂ ಜಗತ್ತಿನ ಪಠ್ಯಕ್ರಮಗಳು ಈ ಎರಡು ಊರುಗಳ ನಡುವೆ ಎಲ್ಲಿಯೋ ಒಂದೆಡೆ ನಿಂತಿವೆ.

ನಮ್ಮಲ್ಲಿ ಈ ಕಾರ್ಯ ಬೆಂಗಳೂರಿನಲ್ಲಿ ನಡೆಯಿತು. ಅಲ್ಲಿಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಆದದ್ದೇ ನಿಮ್ಹಾನ್ಸ್. ಸ್ನಾತಕೋತ್ತರ ಪದವಿಯಾದ ಮೇಲೆ ಇನ್ನೆರಡು ವರ್ಷ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ಕೆಲಸಮಾಡಿ ಪಡೆಯುವ ಎಂ.ಫಿಲ್. ಪದವಿಯು ಚಿಕಿತ್ಸಾ ಮನೋವಿಜ್ಞಾನಿಯ ಮುದ್ರೆಯಾಗಿ ದೇಶಾದ್ಯಂತ ಮನ್ನಣೆ ಪಡೆಯಿತು. ಇಲ್ಲಿಯ ಶಿಷ್ಯವೃತ್ತಿಯು ಬಡಗಿಯ ಮಗ ಬಡಗಿತನ ಕಲಿಯುವ ಕ್ರಮವನ್ನೇ ಹೋಲುತ್ತದೆ. ಬೆಳಗ್ಗೆ ಹೊರರೋಗಿ ವಿಭಾಗದಲ್ಲಿ ರೋಗಿಯ ವೃತ್ತಾಂತವನ್ನು ಬರೆದುಕೊಂಡ ವಿದ್ಯಾರ್ಥಿ ಅದನ್ನು ಹಿರಿಯರೆದುರು ಒಪ್ಪಿಸುತ್ತಾನೆ. ಅವರು ‘ಇದನ್ನು ಏಕೆ ಕೇಳಲಿಲ್ಲ?’ ಎಂದ ಒಂದು ಮಾತಿಗೆ ನಾಲಗೆ ಒಣಗಿ, ಮರುದಿನ ಅದನ್ನೇ ಮೊದಲು ಕೇಳುತ್ತಾನೆ.

ಈ ಪಂಥದ ಬಲವೆಲ್ಲ ಅಪಾಯವನ್ನು ಗುರುತಿಸುವುದರಲ್ಲಿದೆ. ನಿದ್ರೆಯಿಲ್ಲವೆಂದು ಬಂದವನ ಹಿಂದೆ ಆತ್ಮಹತ್ಯೆಯ ಸಂಕಲ್ಪವಿದೆಯೋ, ಪರೀಕ್ಷೆಯ ಭಯವೆಂದು ತಾಯಿ ಕರೆತಂದ ಮಗನಿಗೆ ಯಾರದೋ ಧ್ವನಿ ಕೇಳಿಸುತ್ತಿದೆಯೋ ಎಂಬುದನ್ನು ಸವಿಮಾತಿನಿಂದಷ್ಟೆ ತಿಳಿಯಲು ಬಾರದು. ನೂರಾರು ಜನರನ್ನು ಕಂಡ ಕಣ್ಣು ಬೇಕು. ಇದರ ದೌರ್ಬಲ್ಯವೂ ಆ ಕಣ್ಣಿನಲ್ಲೇ ಇದೆ. ಆಸ್ಪತ್ರೆಯಲ್ಲಿ ಪಳಗಿದವರಿಗೆ ಅತ್ತೆ-ಸೊಸೆಯರ ಮುನಿಸೂ, ಮಗಳ ಮದುವೆಯ ಸಾಲವೂ ರೋಗಲಕ್ಷಣಗಳಾಗಿ ಕಾಣತೊಡಗುವುದುಂಟು.

ಗುಣವೋ, ಕೌಶಲವೋ?

ವಿವಾದದ ತಿರುಳು ಇಲ್ಲಿದೆ. ಓಹಿಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ರೋಜರ್ಸ್ 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದುವರೆಗೆ ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಕೆಲವೇ ನಿಮಿಷಗಳಿಗೊಮ್ಮೆ ಬದಲಿಸಬೇಕಾದ ಧ್ವನಿಮುದ್ರಣದ ತಟ್ಟೆಗಳ ಮೇಲೆ ಒಬ್ಬ ವ್ಯಕ್ತಿಯೊಡನೆ ನಡೆದ ಎಂಟು ಸಂದರ್ಶನಗಳನ್ನು ಹಿಡಿದು, ಪ್ರತಿಯೊಂದು ಮಾತನ್ನೂ, ಒಂದು ‘ಹೂಂ’ ಸಹ ಬಿಡದೆ, ಅಚ್ಚುಹಾಕಿಸಿದರು. ಅದುವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆದುದನ್ನು ಚಿಕಿತ್ಸಕನೇ ನೆನಪಿನಿಂದ ಬರೆದದ್ದು ಶಾಸ್ತ್ರವಾಗುತ್ತಿತ್ತು. ಈಗ ಅದನ್ನು ಯಾರು ಬೇಕಾದರೂ ಓದಿ, ‘ಇಲ್ಲಿ ನೀವು ಅವರ ಮಾತಿಗೆ ಅಡ್ಡ ಬಂದಿರಿ’ ಎಂದು ಬೆರಳಿಡಬಹುದಾಯಿತು. ನನ್ನ ಮಟ್ಟಿಗೆ ಆಪ್ತಸಮಾಲೋಚನೆಯು ವಿಶ್ವವಿದ್ಯಾನಿಲಯದಲ್ಲಿ ಕಲಿಸಬಹುದಾದ ವಿಷಯವಾದದ್ದು ಆ ದಿನ, ಆ ತಟ್ಟೆಗಳಿಂದ.

ವಿಚಿತ್ರವೆಂದರೆ ಅದೇ ರೋಜರ್ಸರ ಸಿದ್ಧಾಂತ ಮುಂದೆ ಕಲಿಕೆಯ ಬುಡವನ್ನೇ ಅಲುಗಿಸಿತು. 1957ರಲ್ಲಿ ಅವರು ಬರೆದ ಪ್ರಸಿದ್ಧ ಪ್ರಬಂಧದ ಪ್ರಕಾರ ಮನುಷ್ಯನಲ್ಲಿ ಪರಿವರ್ತನೆ ಉಂಟಾಗಲು ಬೇಕಾದುದು ತಂತ್ರವಲ್ಲ, ರೋಗನಿರ್ಣಯವಲ್ಲ. ಎದುರಿಗಿರುವವನು ಒಳಹೊರಗು ಒಂದಾದವನಾಗಿರುವುದು, ಷರತ್ತಿಲ್ಲದ ಆದರ, ಮತ್ತು ಪರಾನುಭೂತಿ. ಇವು ಇದ್ದರೆ ಸಾಕು. ಇಲ್ಲದಿದ್ದರೆ ಪದವಿಗಳು ಎಷ್ಟಿದ್ದೂ ಪ್ರಯೋಜನವಿಲ್ಲ. ಗುಣಗಳನ್ನು ಪ್ರಶ್ನಪತ್ರಿಕೆಯಿಂದ ಅಳೆಯುವುದೆಂತು? ಮನೋವಿಶ್ಲೇಷಣೆಯ ಪಂಥದವರಂತೂ ಇದಕ್ಕಿಂತ ಮೊದಲೇ, ಇನ್ನೊಬ್ಬರ ಮನಸ್ಸನ್ನು ಬಿಚ್ಚುವವನು ತನ್ನ ಮನಸ್ಸನ್ನು ಬೇರೊಬ್ಬರೆದುರು ಬಿಚ್ಚಿರಬೇಕೆಂದು ವಿಧಿಸಿದ್ದರು. ಆದರೆ 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸರು ಫ್ರಾಯ್ಡರನ್ನು ಮುಖತಃ ಕಂಡವರೇ ಅಲ್ಲ, ಅವರಿಬ್ಬರ ನಂಟೆಲ್ಲ ಅಂಚೆಯಲ್ಲೇ ನಡೆಯಿತು. ಸಂಪ್ರದಾಯದ ಮೂಲಪುರುಷರಿಗೆ ಸಂಪ್ರದಾಯದ ವಿಧಿಗಳು ಅನ್ವಯಿಸುವುದಿಲ್ಲವೆಂಬುದು ಎಲ್ಲ ಮತಗಳಲ್ಲೂ ಕಾಣುವ ಸಂಗತಿ.

ರೋಜರ್ಸರಿಗೆ ಉತ್ತರವಾಗಿ 1968ರಲ್ಲಿ ಅಲೆನ್ ಐವಿ ಮತ್ತು ಸಂಗಡಿಗರು ಬೇರೊಂದು ಮಾರ್ಗವನ್ನು ಮುಂದಿಟ್ಟರು. ಪರಾನುಭೂತಿ ದೊಡ್ಡ ಮಾತಿರಬಹುದು. ಆದರೆ ಕೇಳುವವರ ಮೈಮೇಲೆ ಅದು ಕಾಣುವುದು ಚಿಕ್ಕ ಚಿಕ್ಕ ಕ್ರಿಯೆಗಳಲ್ಲಿ: ಎಲ್ಲಿ ನೋಡುತ್ತಾರೆ, ಹೇಗೆ ಕುಳಿತಿದ್ದಾರೆ, ಹೌದು-ಇಲ್ಲ ಎಂಬುದಕ್ಕೆ ಮೀರಿದ ಉತ್ತರ ಬರುವಂತೆ ಪ್ರಶ್ನಿಸುತ್ತಾರೆಯೇ, ಆಡಿದ ಮಾತಿನ ಸಾರವನ್ನು ಹಿಂತಿರುಗಿಸಿ ಹೇಳುತ್ತಾರೆಯೇ. ಇವನ್ನು ಒಂದೊಂದಾಗಿ ಅಭ್ಯಾಸಮಾಡಿಸಿ, ವಿಡಿಯೊದಲ್ಲಿ ಹಿಡಿದು ತೋರಿಸಿ ತಿದ್ದಬಹುದು. ಸಂಗೀತಕ್ಕೆ ಸರಳೆ ಜಂಟಿವರಸೆ ಇದ್ದಂತೆ ಇದು. ಇಂದು ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಆಪ್ತಸಮಾಲೋಚನಾ ಕೌಶಲವೆಂಬ ಹೆಸರಿನಲ್ಲಿ ನಡೆಯುವ ಪಾಠ ಬಹುಮಟ್ಟಿಗೆ ಇದೇ. ಸರಳೆವರಸೆ ಹಾಡಿದವರೆಲ್ಲ ರಾಗ ಹಾಡಲಾರರು, ನಿಜ. ಆದರೆ ಅದಿಲ್ಲದೆ ಹಾಡುತ್ತೇನೆನ್ನುವವರ ಪಾಡನ್ನು ಮದುವೆಮನೆಗಳಲ್ಲಿ ನಾವು ಕೇಳಿದ್ದೇವೆ.

ಮೈಸೂರಿನ ಒಂದು ಕಾಲೇಜಿನಲ್ಲಿ ಅಂಥ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಮೂರು ಕುರ್ಚಿಗಳು: ಹೇಳುವವರಿಗೊಂದು, ಕೇಳುವವರಿಗೊಂದು, ಕಾಗದ ಹಿಡಿದು ಗಮನಿಸುವವರಿಗೊಂದು. ಹೇಳುವವಳಾಗಿ ಕುಳಿತ ಹುಡುಗಿ ತನ್ನೂರಿನ ದೊಡ್ಡಮ್ಮನನ್ನೇ ಮೈಮೇಲೆ ತಂದುಕೊಂಡಿದ್ದಳು. “ಏನೋಪ್ಪ, ಎದೆ ಮೇಲೆ ಕಲ್ಲು ಹೇರ್ದಂಗೆ ಆಗೈತೆ. ಉಂಡಿದ್ದು ಮೈಗೆ ಹತ್ತಲ್ಲ” ಎಂದಳು. ಕೇಳುವವನಾದ ಹುಡುಗ ಓದಿದ್ದನ್ನು ನೆನೆದು, “ಅಂದರೆ ನಿಮಗೆ ಖಿನ್ನತೆಯ ಭಾವನೆ ಬರುತ್ತಿದೆ, ಅಲ್ಲವೇ?” ಎಂದ. “ಹಂಗಂದ್ರೆ?” ಎಂದಳು ದೊಡ್ಡಮ್ಮ. ತರಗತಿ ನಕ್ಕಿತು. ಹುಡುಗ ಕೆಂಪಾದ, ಕೈಯಲ್ಲಿದ್ದ ಟಿಪ್ಪಣಿಯನ್ನು ಕುರ್ಚಿಯ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಲ್ಲು ಯಾವಾಗಿಂದ ಐತಮ್ಮ?” ಎಂದು ಕೇಳಿದ. ಆಮೇಲೆ ಅವನು ಹೆಚ್ಚೇನೂ ಕೇಳಬೇಕಾಗಲಿಲ್ಲ. ಮಗ ಊರು ಬಿಟ್ಟು ಹೋದ ವರ್ಷ, ಮಾರಿದ ಎಮ್ಮೆ, ಮಾತುಬಿಟ್ಟ ಗಂಡ, ಎಲ್ಲ ಒಂದೊಂದಾಗಿ ಬಂದವು.

ಬಳಿಕ ಇಬ್ಬರು ಅಧ್ಯಾಪಕರಲ್ಲಿ ಭಿನ್ನಾಭಿಪ್ರಾಯವುಂಟಾಯಿತು. ‘ಅಮ್ಮ’ ಎಂದು ಕರೆದು ವೃತ್ತಿಯ ಎಲ್ಲೆಯನ್ನು ಮೀರಿದನೆಂದರು ಒಬ್ಬರು. ಆ ಒಂದು ಮಾತಿಗೇ ಬಾಗಿಲು ತೆರೆಯಿತೆಂದರು ಇನ್ನೊಬ್ಬರು. ಗಮನಿಸುವವಳ ಕಾಗದದಲ್ಲಿ ದೃಷ್ಟಿ, ಭಂಗಿ, ಪ್ರಶ್ನೆ, ಸಾರಸಂಗ್ರಹ ಎಂಬ ಕಲಮುಗಳಿದ್ದವು. ಅಮ್ಮ ಎಂಬುದಕ್ಕೆ ಕಲಮು ಇರಲಿಲ್ಲ.

ಪದವಿಯಿಲ್ಲದವರ ಸಾಕ್ಷ್ಯ

1952ರಲ್ಲಿ ಹ್ಯಾನ್ಸ್ ಐಸೆಂಕ್ ಲಂಡನ್ನಿನಿಂದ ಒಂದು ಬಾಂಬನ್ನೇ ಎಸೆದನು: ಮಾತಿನ ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಗುಣವಾಗುತ್ತಾರೆಂಬುದಕ್ಕೆ ಆಧಾರವಿಲ್ಲ. ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 1977ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆಯಿಂದ ಪ್ರಯೋಜನವುಂಟು, ಆದರೆ ಒಂದು ಪಂಥಕ್ಕೂ ಇನ್ನೊಂದಕ್ಕೂ ಹೇಳಿಕೊಳ್ಳುವಷ್ಟು ಅಂತರವಿಲ್ಲವೆಂದು ತೋರಿಸಿದ ಮೇಲೆ ಆ ಗದ್ದಲ ತಕ್ಕಮಟ್ಟಿಗೆ ಅಡಗಿತು. ಆದರೆ ವಿಶ್ವವಿದ್ಯಾನಿಲಯಗಳಿಗೆ ಹೆಚ್ಚು ಮುಜುಗರ ತಂದದ್ದು ಜೋಸೆಫ್ ಡರ್ಲಾಕ್ 1979ರಲ್ಲಿ ಮಾಡಿದ ಸಮೀಕ್ಷೆ. ಪದವೀಧರ ವೃತ್ತಿಪರರನ್ನೂ, ಅಲ್ಪ ತರಬೇತಿ ಪಡೆದ ಸಾಮಾನ್ಯರನ್ನೂ ಹೋಲಿಸಿದ 42 ಅಧ್ಯಯನಗಳನ್ನು ಪರಿಶೀಲಿಸಿ, ಸಾಮಾನ್ಯರು ಪದವೀಧರರಿಗೆ ಸಮವಾಗಿ, ಕೆಲವೆಡೆ ಅವರನ್ನು ಮೀರಿಸಿ, ಫಲ ಪಡೆದಿದ್ದಾರೆಂದು ಆತನು ಬರೆದನು. ಆ ಅಧ್ಯಯನಗಳ ಗುಣಮಟ್ಟವನ್ನು ಆಕ್ಷೇಪಿಸಿ ಉತ್ತರಗಳು ಬಂದವು. ಆದರೂ ಮುಳ್ಳು ಪೂರ್ತಿಯಾಗಿ ಹೊರಬರಲಿಲ್ಲ.

ಇದಕ್ಕೆ ನಮ್ಮ ನೆರೆಯಲ್ಲೇ ಒಂದು ಉದಾಹರಣೆ ದೊರೆಯಿತು. ಗೋವೆಯಲ್ಲಿ ವಿಕ್ರಮ್ ಪಟೇಲರೂ ಅವರ ಸಹೋದ್ಯೋಗಿಗಳೂ, ಮನಃಶಾಸ್ತ್ರವನ್ನು ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಮಾಲೋಚಕರನ್ನಾಗಿ ನಿಲ್ಲಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸರ್ಕಾರಿ ಕೇಂದ್ರಗಳಲ್ಲಿ ಇದು ಫಲಿಸಿತು, ಖಾಸಗಿ ವೈದ್ಯರಲ್ಲಿ ಅಂಥ ಅಂತರ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆರರಿಂದ ಎಂಟು ಭೇಟಿಗಳ ಸರಳ ಕ್ರಮವೊಂದು ತೀವ್ರ ಖಿನ್ನತೆಯುಳ್ಳವರಿಗೂ ಉಪಕಾರಿಯಾಯಿತು. ‘ನೋಡಿದಿರಾ, ಪದವಿ ಬೇಡ!’ ಎಂದು ಇದರಿಂದ ಸಾರುವವರು ಒಂದು ವಿವರವನ್ನು ಮರೆಯುತ್ತಾರೆ. ಆ ಸಮಾಲೋಚಕರು ತಮ್ಮ ಭೇಟಿಗಳ ಧ್ವನಿಮುದ್ರಣಗಳನ್ನು ಗುಂಪಿನಲ್ಲಿ ಕೂತು ಕೇಳಿ, ಪರಸ್ಪರ ಅಂಕ ಕೊಟ್ಟು, ತಪ್ಪುಗಳನ್ನು ಚರ್ಚಿಸುತ್ತಿದ್ದರು. ರೋಜರ್ಸರ ತಟ್ಟೆಗಳೇ ಮತ್ತೆ ಬಂದವು! ಕಾಲೇಜಿನಲ್ಲಿ ಎರಡು ವರ್ಷ ಕಲಿತು, ತನ್ನ ಒಂದೇ ಒಂದು ಭೇಟಿಯನ್ನೂ ಬೇರೆಯವರ ಕಿವಿಗೆ ಒಡ್ಡದೆ ಪದವಿ ಪಡೆದವರಿಗಿಂತ ಅವರು ಮೇಲಾಗಿದ್ದರೆ ಆಶ್ಚರ್ಯವೇನು? ಸೋತದ್ದು ಶಿಕ್ಷಣವಲ್ಲ, ಕೇಳಿಸಿಕೊಂಡು ತಿದ್ದುವವರಿಲ್ಲದ ಶಿಕ್ಷಣ.

ಗುರುವಿನ ಪೀಠ, ತಾಯ್ನುಡಿಯ ಕಿವಿ

ಇನ್ನೊಂದು ಪಂಥದವರ ಆಕ್ಷೇಪ ಇವೆಲ್ಲಕ್ಕಿಂತ ಆಳಕ್ಕೆ ಹೋಗುತ್ತದೆ. ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಸಿ. ಸೂರ್ಯರು 1964ರಲ್ಲಿ ಜಯರಾಮರೊಡನೆ ಬರೆದ ಪ್ರಬಂಧದಲ್ಲಿ, ಭಾರತೀಯ ರೋಗಿಯು ತನ್ನ ಒಳಮನಸ್ಸಿನ ಶೋಧಕ್ಕಿಂತ ತನ್ನ ಪರಿಸ್ಥಿತಿಗೆ ನೇರವಾದ ಆಸರೆಯನ್ನು ಬಯಸುತ್ತಾನೆಂದೂ, ವೈದ್ಯನಲ್ಲಿ ಹಿರಿಯನನ್ನು ಕಾಣುತ್ತಾನೆಂದೂ ಸೂಚಿಸಿದರು. ಪಂಜಾಬಿ ಕವಿಯೂ ಮನೋವೈದ್ಯರೂ ಆದ ಜೆ. ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟರು: ಪರಾವಲಂಬನೆಯನ್ನು ರೋಗವೆಂದೆಣಿಸದ ಸಮಾಜದಲ್ಲಿ ಸಲಹೆ ಕೊಡಲೊಲ್ಲದ ಸಲಹೆಗಾರನು ಅರ್ಥವಾಗದ ಪ್ರಾಣಿ. ನಿಮ್ಹಾನ್ಸಿನಲ್ಲಿ ಅಧ್ಯಾಪಕರಾಗಿದ್ದ ಎಸ್. ಕೆ. ರಾಮಚಂದ್ರರಾಯರು ಭಾರತದ ಮನೋವಿಚಾರದ ಬೆಳವಣಿಗೆಯನ್ನು ಕುರಿತು 1962ರಲ್ಲೇ ಗ್ರಂಥ ರಚಿಸಿದ್ದರು. ಮುಂದೆ ಆಗಮ, ಪ್ರತಿಮಾಶಾಸ್ತ್ರಗಳ ಮಹಾಪಂಡಿತರೆಂದು ಖ್ಯಾತರಾದ ಅವರ ಈ ಮುಖವನ್ನು ಮನಃಶಾಸ್ತ್ರದ ವಿದ್ಯಾರ್ಥಿಗಳೇ ಅರಿಯರು. ಈ ಪಂಥವು ನಮ್ಮ ಹುಡುಗನ ‘ಅಮ್ಮ’ವನ್ನು ಚೆನ್ನಾಗಿ ವಿವರಿಸುತ್ತದೆ, ‘ಆಪ್ತ’ವನ್ನೂ ಸಮರ್ಥಿಸುತ್ತದೆ. ಆದರೆ ಗುರುಪೀಠದಲ್ಲಿ ಕುಳಿತವನು ದಾರಿ ತಪ್ಪಿದರೆ ಕೇಳುವವರಾರು? ಗಂಡನಿಂದ ಪೆಟ್ಟು ತಿಂದು ಬಂದ ಹೆಣ್ಣಿಗೆ ‘ಸಹಿಸಿಕೊಂಡು ಹೋಗಮ್ಮ’ ಎಂದು ಹೇಳುವವನೂ ಆಪ್ತನ ವೇಷದಲ್ಲೇ ಬರುತ್ತಾನೆ. ಇದಕ್ಕೆ ನೇಕಿಯವರ ಮಾದರಿಯಲ್ಲಿ ತೃಪ್ತಿಕರವಾದ ಉತ್ತರ ನನಗೆ ಕಾಣಲಿಲ್ಲ.

ಭಾಷೆಯ ಸಂಗತಿ ಇದಕ್ಕಂಟಿಯೇ ಇದೆ. ಕರ್ನಾಟಕದಲ್ಲಿ ಈ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ನಡೆಸಬೇಕು. ಇಂಗ್ಲಿಷ್ ಪಠ್ಯದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಎರಡು ಅಧ್ಯಾಯಗಳಿರುತ್ತವೆ. ಕನ್ನಡಿಗನಿಗೆ ಎರಡೂ ‘ಕೇಳುವುದು’. ನಮ್ಮ ಜನ ಸಂಕಟವನ್ನು ಮನಸ್ಸಿನಲ್ಲಿಡದೆ ಮೈಯಲ್ಲಿಡುತ್ತಾರೆ: ಕರುಳು ಚುರುಕ್ಕೆನ್ನುತ್ತದೆ, ಹೊಟ್ಟೆ ಉರಿಯುತ್ತದೆ, ಜೀವ ಬಾಯಿಗೆ ಬರುತ್ತದೆ, ಕೈಕಾಲು ಬಿದ್ದುಹೋಗುತ್ತದೆ. ಇಪ್ಪತ್ತೆರಡರ ಸಮಾಲೋಚಕಿ ಐವತ್ತರ ಹೆಂಗಸನ್ನು ‘ನೀವು’ ಎಂದರೆ ದೂರ, ‘ಅಮ್ಮ’ ಎಂದರೆ ತಾನೇ ಮಗಳು, ಆಮೇಲೆ ಆಕೆ “ನಿಂಗೆ ಮದುವೆ ಆಗಿದೆಯೇನಮ್ಮ?” ಎಂದು ಕೇಳದೆ ಬಿಡಳು, ಅದಕ್ಕೆ ಏನು ಹೇಳಬೇಕೆಂದು ಯಾವ ಪುಸ್ತಕವೂ ಬರೆದಿಲ್ಲ. ಕನ್ನಡದಲ್ಲಿ ಬರವಣಿಗೆಯ ಕೊರತೆಯೇನೂ ಇಲ್ಲ. ‘ಕೊರವಂಜಿ’ಯ ರಾಶಿಯವರು, ಎಂದರೆ ಡಾ. ಎಂ. ಶಿವರಾಮರು, ‘ಮನಮಂಥನ’ಕ್ಕಾಗಿ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು, ಮನೋವೈದ್ಯ ಸಿ. ಆರ್. ಚಂದ್ರಶೇಖರರ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳವರೆಗೆ ತಲುಪಿವೆ. ಆದರೆ ಅವೆಲ್ಲ ಓದುಗನಿಗಾಗಿ ಬರೆದವು. ಕೇಳುವವರ ತಾಲೀಮಿಗಾಗಿ, ಕನ್ನಡದಲ್ಲಿ ನಡೆದ ಭೇಟಿಗಳ ಅಕ್ಷರಶಃ ಪ್ರತಿಗಳು ತರಗತಿಯ ಮೇಜಿನ ಮೇಲೆ ಇರುವುದನ್ನು ನಾನು ಕಂಡಿಲ್ಲ.

ಕಾಯಿದೆಯ ಕಟ್ಟೆ

1992ರ ಪುನರ್ವಸತಿ ಪರಿಷತ್ತಿನ ಕಾಯಿದೆ ಮತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಗಳು ಚಿಕಿತ್ಸಾ ಮನೋವಿಜ್ಞಾನಿಯ ಎಲ್ಲೆಗಳನ್ನು ಗುರುತಿಸಿದವು. ಆಪ್ತಸಮಾಲೋಚಕನು ಮಾತ್ರ ಬಹುಕಾಲ ಬೇಲಿಯ ಹೊರಗಿದ್ದನು. ವಾರಾಂತ್ಯದ ಪ್ರಮಾಣಪತ್ರ ಪಡೆದವನೂ ಬೋರ್ಡು ಹಾಕಬಹುದಾಗಿತ್ತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯಿದೆಯು ಮನೋವಿಜ್ಞಾನಿಗಳನ್ನೂ ಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತಂದಿತು. ಅದರ ಬೆನ್ನಲ್ಲೇ, ಮನಃಶಾಸ್ತ್ರವನ್ನು ಅಂಚೆಯ ಮೂಲಕವಾಗಲಿ ಅಂತರ್ಜಾಲದ ಮೂಲಕವಾಗಲಿ ಕಲಿಸಕೂಡದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2025ರ ಜುಲೈ-ಆಗಸ್ಟ್ ಅವಧಿಯಿಂದ ಅನ್ವಯವಾಗುವಂತೆ ಆಜ್ಞಾಪಿಸಿತು. ಹೊಸ ಶಿಕ್ಷಣ ನೀತಿಯಿಂದ ಎಂ.ಫಿಲ್. ರದ್ದಾದರೂ ಚಿಕಿತ್ಸಾ ಮನೋವಿಜ್ಞಾನಕ್ಕೆ 2025–26ರವರೆಗೆ ವಿನಾಯಿತಿ ದೊರೆಯಿತು. ಇತ್ತ 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳುಳ್ಳ ಪ್ರತಿಯೊಂದು ವಿದ್ಯಾಸಂಸ್ಥೆಯೂ ಒಬ್ಬ ಅರ್ಹ ಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಸಮಾಜಕಾರ್ಯಕರ್ತರನ್ನೋ ಇರಿಸಿಕೊಳ್ಳತಕ್ಕದ್ದೆಂದು ನಿರ್ದೇಶಿಸಿತು. ಒಂದು ಕೈ ಬಾಗಿಲನ್ನು ಕಿರಿದುಗೊಳಿಸುತ್ತಿರುವಾಗ ಇನ್ನೊಂದು ಕೈ ಒಳಗಿಂದ ಹೆಚ್ಚು ಜನರನ್ನು ಕರೆಯುತ್ತಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6 ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರೆಂಬುದನ್ನು ನೆನೆದರೆ, ಕರೆಯುವ ಕೈಯನ್ನು ಹಳಿಯಲಾಗದು.

ತೀರ್ಮಾನವಾಗದೆ ಉಳಿದವು

ಸಾಮಾನ್ಯರೂ ಪದವೀಧರರೂ ಸಮಾನ ಫಲ ಪಡೆಯುತ್ತಾರೆಂಬುದು ಯಾವ ಬಗೆಯ ತೊಂದರೆಗಳ ಮಟ್ಟಿಗೆ ನಿಜ, ಎಲ್ಲಿಂದಾಚೆಗೆ ಸುಳ್ಳು ಎಂಬ ಗೆರೆಯನ್ನು ಯಾರೂ ಇನ್ನೂ ಸ್ಪಷ್ಟವಾಗಿ ಎಳೆದಿಲ್ಲ. ವಿದ್ಯಾರ್ಥಿಯು ತಾನೇ ಒಮ್ಮೆ ಹೇಳಿಕೊಳ್ಳುವವರ ಕುರ್ಚಿಯಲ್ಲಿ ಕೂತಿರಬೇಕೆಂಬ ವಿಧಿ ಅವನನ್ನು ಒಳ್ಳೆಯ ಕೇಳುಗನನ್ನಾಗಿ ಮಾಡುತ್ತದೆಯೇ, ಇಲ್ಲವೇ ಖರ್ಚನ್ನಷ್ಟೇ ಹೆಚ್ಚಿಸುತ್ತದೆಯೇ ಎಂಬುದೂ ವಿವಾದದಲ್ಲೇ ಇದೆ. ಸಭ್ಯನೂ ಬುದ್ಧಿವಂತನೂ ಆಗಿ ಎಲ್ಲ ಪತ್ರಿಕೆಗಳಲ್ಲೂ ಉತ್ತೀರ್ಣನಾದವನು ಮನುಷ್ಯರ ಎದುರು ಕೂರಲು ತಕ್ಕವನಲ್ಲವೆಂದು ಅಧ್ಯಾಪಕರಿಗೆ ಅನಿಸಿದರೆ, ಅವನನ್ನು ಯಾವ ನಿಯಮದನ್ವಯ ತಡೆಯಬೇಕು? ನಮ್ಮ ಪರೀಕ್ಷಾ ವಿಭಾಗಗಳಲ್ಲಿ ಅಂಥ ನಿಯಮವಿಲ್ಲ. ಇದ್ದರೆ ಅದರ ದುರುಪಯೋಗವಾಗದೆಂದು ಹೇಳುವ ಧೈರ್ಯವೂ ನನಗಿಲ್ಲ.

ಎಲ್ಲಕ್ಕಿಂತ ತೊಡಕಿನದು ಧ್ವನಿಮುದ್ರಣದ ಪ್ರಶ್ನೆ. ಕಲಿಕೆಗೆ ಅದು ಬೇಕೇಬೇಕೆಂದು ಗೋವೆಯ ಅನುಭವವೂ ರೋಜರ್ಸರ ತಟ್ಟೆಗಳೂ ಹೇಳುತ್ತವೆ. ಆದರೆ ತಾಲ್ಲೂಕು ಕೇಂದ್ರವೊಂದರ ಸಣ್ಣ ಕೋಣೆಯಲ್ಲಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಮಾತಿನಲ್ಲಿ ಹೇಳಲು ತೊಡಗಿದ ಹೆಂಗಸಿಗೆ ಮೇಜಿನ ಮೇಲಿನ ಮೊಬೈಲನ್ನು ತೋರಿಸಿ ‘ಇದು ಕಲಿಯುವುದಕ್ಕಾಗಿ ಮಾತ್ರ’ ಎಂದರೆ, ಅವಳ ‘ಆಗಲಿ’ ಎಂಬ ಒಪ್ಪಿಗೆಗೆ ಎಷ್ಟು ಅರ್ಥ? ಊರಿನಲ್ಲಿ ಧ್ವನಿ ಕೇಳಿಯೇ ಇವಳು ಯಾರ ಮನೆಯವಳೆಂದು ಹೇಳುವವರಿದ್ದಾರೆ. ಹೆಸರು ಅಳಿಸಿದರೂ ಧ್ವನಿ ಅಳಿಯದು, ಧ್ವನಿ ಬದಲಿಸಿದರೆ ಕಲಿಯಬೇಕಾದ ನಡುಕವೇ ಮಾಯವಾಗುತ್ತದೆ. ಮೈಸೂರಿನ ಆ ತರಗತಿಯಲ್ಲಿ ಇಬ್ಬರು ಅಧ್ಯಾಪಕರೂ ಒಮ್ಮತಕ್ಕೆ ಬಂದದ್ದು ಈ ಒಂದು ಮಾತಿನಲ್ಲಿ ಮಾತ್ರ: ದೊಡ್ಡಮ್ಮ ನಿಜವಾಗಿ ಬಂದಿದ್ದರೆ, ತಾವು ಯಾರೂ ಅಲ್ಲಿರುತ್ತಿರಲಿಲ್ಲ.